ಹೊಟ್ಟೆಯಿಂದ ಗ್ರಾಫಿಕ್ಸ್ ಕಾರ್ಡ್ ಅಳೆದವರು

ಮೊದಲು ನೆನಪಾಗುವುದು ಬಕೆಟ್ಟು. ಅಂಗಡಿಯ ನೆಲದ ಮೇಲೆ ಟೇಪಿನಿಂದ ಎಳೆದ ಒಂದು ಚೌಕ, ಅದರ ಮೂಲೆಯಲ್ಲಿ ನೀಲಿ ಬಕೆಟ್ಟು. ಅದು ಹಸಿರು ಎನ್ನುತ್ತಾಳೆ ನನ್ನ ಹೆಂಡತಿ ವಿನಯಾ. ಹೋಗಿ ನೋಡಿ ಬರೋಣವೆಂದರೆ ಹಂಪನಕಟ್ಟೆಯ ಆ ಮಹಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆದ್ದರಿಂದ ಬಕೆಟ್ಟು ಇತ್ತು ಎಂಬಷ್ಟನ್ನೇ ಖಚಿತವಾಗಿ ಹೇಳುತ್ತೇನೆ.

ಅದರ ಪಕ್ಕದಲ್ಲಿ ನಿಲ್ಲುತ್ತಿದ್ದವರ ಹೆಸರು ಬರೆಯುವುದಿಲ್ಲ. ಬರೆದರೆ ಇದು ಶ್ರದ್ಧಾಂಜಲಿಯಾಗುತ್ತದೆ. ಅದು ಅವರಿಗೆ ಹಿಡಿಸುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಹಿಡಿಸುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗಿರಾಕಿಗಳೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ಅವರಿಗಿಂತ ಹಿರಿಯರೂ. ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರ. ಕಳೆದ ವರ್ಷ ಮೀನುಗಾರಿಕೆಗೆ ರಜೆ ಇರುವ ದಿನಗಳಲ್ಲಿ ತೀರಿಕೊಂಡರು. ನಿದ್ದೆಯಲ್ಲಿ ಎಂದು ಹೇಳಿದರು. ನಾನು ಅವರನ್ನು ಬಲ್ಲೆನೆಂದರೆ ಒಟ್ಟು ಎಂಟು ತಿಂಗಳು, ಅದರಲ್ಲಿ ಎದುರುಬದುರು ಕೂತು ಮಾತಾಡಿದ್ದು ಹತ್ತು ಹನ್ನೆರಡು ಸಲ ಇರಬಹುದು. ಇಷ್ಟರಲ್ಲಿ ಒಬ್ಬ ಮನುಷ್ಯ ಪೂರ್ತಿ ಸಿಗುವುದಿಲ್ಲ. ಸಿಕ್ಕಷ್ಟನ್ನು ಬರೆಯುತ್ತೇನೆ.

ನಾವು ಅವರಲ್ಲಿಗೆ ಹೋದದ್ದು ಟೇಬಲ್ ಟೆನ್ನಿಸ್‌ಗಾಗಿ. ವಿನಯಾ ಕಾಲೇಜಿಗೆ ಆಡಿದವಳು, ಆಮೇಲೆ ಬ್ಯಾಂಕಿನ ತಂಡಕ್ಕೆ ಆಡಿದವಳು. ನಲವತ್ತೆರಡರಲ್ಲಿ ಅವಳ ಕಿವಿಯೊಳಗಿನ ಸಮತೋಲನ ಕೆಟ್ಟಿತು. ತಲೆ ಬಗ್ಗಿಸಿದರೆ ಮನೆಯೇ ತಿರುಗುತ್ತಿತ್ತು. ಒಮ್ಮೆ ತಿರುಗತೊಡಗಿದರೆ ಎರಡು ಮೂರು ದಿನ ಹಾಸಿಗೆ. ಟೇಬಲ್ ಟೆನ್ನಿಸ್‌ನಲ್ಲಿ ಆಟಕ್ಕಿಂತ ಹೆಚ್ಚು ಹೊತ್ತು ಬಿದ್ದ ಚೆಂಡು ಹೆಕ್ಕುವುದಕ್ಕೇ ಹೋಗುತ್ತದೆ. ಅವಳು ಬ್ಯಾಟನ್ನು ಕಪಾಟಿನ ಮೇಲಿಟ್ಟು ನಾಲ್ಕು ವರ್ಷವಾಗಿತ್ತು. ಆಗ ಅವಳ ತಮ್ಮ ದಮ್ಮಾಮ್‌ನಿಂದ ಬರುವಾಗ ವಿಆರ್ ಹೆಡ್‌ಸೆಟ್ ತಂದುಕೊಟ್ಟ. ಕಂಪ್ಯೂಟರಿಗೆ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೆ ಟೇಬಲ್, ಎದುರಾಳಿ, ಕೈಯಲ್ಲಿ ಬ್ಯಾಟ್. ಚೆಂಡು ಬಿದ್ದರೆ ತಾನೇ ಕೈಗೆ ಬರುತ್ತದೆ, ಬಗ್ಗುವ ಕೆಲಸ ಇಲ್ಲ.

ಅವಳ ವೈದ್ಯರು ಬೇಡ ಅನ್ನಲಿಲ್ಲ. ಚಿತ್ರ ತಡವರಿಸಬಾರದು, ಅಷ್ಟೆ, ಎಂದರು. ತಲೆ ತಿರುಗಿಸಿದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಚೂರು ವ್ಯತ್ಯಾಸವಾದರೂ ಬೇರೆಯವರಿಗೆ ಆಗುವ ಕಷ್ಟದ ನಾಲ್ಕು ಪಟ್ಟು ಇವಳಿಗೆ ಆಗುತ್ತದೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ನನ್ನ ಪಾಠದ ಸ್ಲೈಡುಗಳಿಗೆ ಸಾಕಾಗುವಂಥದ್ದು. ಬಲ್ಮಠದ ನನ್ನ ಕಾಲೇಜಿನಲ್ಲಿ ಯಾರೋ ಹೇಳಿದರು, ಹಂಪನಕಟ್ಟೆಯಲ್ಲಿ ಒಬ್ಬರಿದ್ದಾರೆ, ಅವರು ನಿಂತು ನೋಡಿ ಕೊಡುತ್ತಾರೆ ಎಂದು. ನಿಂತು ನೋಡುವುದು ಎಂದರೆ ಏನೆಂದು ಆಗ ನನಗೆ ಅರ್ಥವಾಗಿರಲಿಲ್ಲ.

ಮೊದಲ ದಿನ ನಾವು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಕಾಕ ನಮ್ಮ ಮಾತು ಪೂರ್ತಿ ಕೇಳಿದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್, ಅದರ ಪಕ್ಕ ಒಂದು ಲಿಂಬೆಹಣ್ಣು. ಆಮೇಲೆ ಕೇಳಿದರು, "ಮೇಡಂ ಈ ಹೆಡ್‌ಸೆಟ್ ಒಂದು ಸಲವಾದ್ರೂ ಹಾಕಿದ್ದೀರಾ?"

"ಇಲ್ಲ. ಕಾರ್ಡ್ ಬರಲಿ ಅಂತ ಇಟ್ಟಿದ್ದೇನೆ."

"ಒಳ್ಳೆ ಕೆಲಸ ಮಾಡಿದ್ರಿ. ಮೊದಲ ಸಲ ವಾಂತಿ ಆದವರು ಎರಡನೇ ಸಲ ಹಾಕುದಿಲ್ಲ. ಮನಸ್ಸು ಹೂಂ ಹೇಳ್ತದೆ, ಕೈ ಮುಂದೆ ಹೋಗುದಿಲ್ಲ. ನಿಮಗೆ ಒಂದೇ ಚಾನ್ಸ್ ಉಂಟು."

ವಿನಯಾ ನನ್ನ ಮುಖ ನೋಡಿದಳು. ನಾಲ್ಕು ವರ್ಷ ಕಾದದ್ದು ಒಂದೇ ಸಲದ ಮೇಲೆ ನಿಂತಿದೆ ಎಂದು ಅದುವರೆಗೆ ಯಾರೂ ನಮಗೆ ಹೇಳಿರಲಿಲ್ಲ.

"ಹಾಗಾದ್ರೆ ಎಂತ ನೋಡಿ ತಗೊಳ್ಳುದು?" ಎಂದು ನಾನು ಕೇಳಿದೆ.

ಅವರು ಹೇಳಿಕೊಟ್ಟದ್ದನ್ನು ನಾನು ಈಗಲೂ ಕೇಳಿದವರಿಗೆ ಹೇಳುತ್ತೇನೆ. ಮಾಮೂಲು ಆಟಕ್ಕೆ ಕಾರ್ಡ್ ಒಂದು ಪರದೆ ಬರೆದರೆ ಸಾಕು. ವಿಆರ್‌ಗೆ ಎರಡು ಕಣ್ಣಿಗೆ ಎರಡು ಚಿತ್ರ, ಸೆಕೆಂಡಿಗೆ ತೊಂಬತ್ತು ಸಲ. ಪರದೆಯ ಮೇಲೆ ಆಟ ಸ್ವಲ್ಪ ಜಗ್ಗಿದರೆ ಕಣ್ಣು ಸಹಿಸಿಕೊಳ್ಳುತ್ತದೆ, ತಲೆಗೆ ಕಟ್ಟಿಕೊಂಡಾಗ ಸಹಿಸುವುದಿಲ್ಲ. ಅಂತರ್ಜಾಲದಲ್ಲಿ ಕಾರ್ಡಿನ ಸರಾಸರಿ ವೇಗ ಹಾಕಿರುತ್ತಾರೆ, ಅದನ್ನು ನೋಡಬಾರದು, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಬೇಕು. ಕಾರ್ಡಿನ ಮೆಮೊರಿ ಹೆಡ್‌ಸೆಟ್ಟಿನ ಚಿತ್ರದ ಗಾತ್ರಕ್ಕೆ ಸಾಲಬೇಕು. ಅದಕ್ಕೆ ಬೇಕಾದಷ್ಟು ಕರೆಂಟು ಕೊಡುವ ಪವರ್ ಸಪ್ಲೈ ಇರಬೇಕು. ಕೊನೆಯದಾಗಿ ಕಾರ್ಡಿನ ಉದ್ದ. "ಕೆಲವರು ಎಲ್ಲ ಲೆಕ್ಕ ಮಾಡಿ ತಗೊಂಡು ಹೋಗ್ತಾರೆ. ಕಂಪ್ಯೂಟರ್ ಡಬ್ಬಿಯ ಮುಚ್ಚಳ ಹಾಕ್ಲಿಕ್ಕೆ ಆಗುದಿಲ್ಲ."

ಇದೆಲ್ಲ ಹೇಳಿದ ಮೇಲೆ, "ಇದು ಓದಿದ್ದು. ಇದರಲ್ಲಿ ಅರ್ಧ ಸರಿ. ಉಳಿದದ್ದು ನಿಂತು ನೋಡ್ಬೇಕು. ಎರಡೂವರೆಗೆ ಬನ್ನಿ" ಎಂದರು.

"ಈಗ ಯಾಕಾಗುದಿಲ್ಲ?"

"ನನ್ನ ಊಟ ಆಗ್ಲಿಲ್ಲ."

ಅವರು ಎದ್ದು ಒಳಗೆ ಹೋದರು. ನಾವು ಕೆಳಗೆ ಬಸ್ಸುಗಳ ಗಲಾಟೆಯಲ್ಲಿ ನಿಂತು ನಕ್ಕೆವು.

ಎರಡೂವರೆಗೆ ಅರ್ಥವಾಯಿತು. ಅವರಿಗೆ ಸಣ್ಣಂದಿನಿಂದ ಕಡಲು ಆಗುತ್ತಿರಲಿಲ್ಲ. ದೋಣಿ ಹತ್ತಿದರೆ, ಘಟ್ಟದ ಬಸ್ಸು ಹತ್ತಿದರೆ, ಕೊನೆಗೆ ತೊಟ್ಟಿಲು ತೂಗುವುದನ್ನು ನೋಡುತ್ತಾ ಕೂತರೂ ಹೊಟ್ಟೆ ತೊಳೆಸುತ್ತಿತ್ತು. ವಿಆರ್ ಬಂದಾಗ ಈ ಹೊಟ್ಟೆಯನ್ನೇ ಅವರು ಅಳತೆಗೋಲು ಮಾಡಿಕೊಂಡರು. ಕುಚ್ಚಲಕ್ಕಿ ಅನ್ನ, ಮೀನು ಸಾರು ಹೊಟ್ಟೆ ತುಂಬ ಉಂಡು, ಚಪ್ಪಲಿ ಬಿಟ್ಟು, ಚೌಕದೊಳಗೆ ನಿಂತು ಹೆಡ್‌ಸೆಟ್ ಹಾಕಿಕೊಳ್ಳುತ್ತಿದ್ದರು. ಇಪ್ಪತ್ತು ನಿಮಿಷ. ಕಾರ್ಡ್ ತಡವರಿಸಿದರೆ ಎರಡನೇ ನಿಮಿಷಕ್ಕೆ ಹಣೆ ಬೆವರುತ್ತದೆ, ಐದನೆಯದಕ್ಕೆ ಲಿಂಬೆ ಮೂಗಿಗೆ ಬರುತ್ತದೆ, ಆಮೇಲೆ ಬಕೆಟ್ಟು. ಇಪ್ಪತ್ತು ನಿಮಿಷ ದಾಟಿದರೆ ಕಾರ್ಡ್ ಪಾಸ್. ಖಾಲಿ ಹೊಟ್ಟೆಗೆ ಯಾವ ಕಾರ್ಡೂ ಪಾಸಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ರಮ್ಜಾನ್ ತಿಂಗಳಲ್ಲಿ ಅವರು ವಿಆರ್‌ಗೆಂದು ಬಂದವರಿಗೆ ಕಾರ್ಡ್ ಕೊಡುತ್ತಿರಲಿಲ್ಲ. "ಉಪವಾಸದ ಹೊಟ್ಟೆಯ ಸಾಕ್ಷಿ ನಡೆಯುದಿಲ್ಲ ಮಾಸ್ಟ್ರೆ. ಹಬ್ಬ ಕಳೀಲಿ."

ಕಡಲಿನ ಕತೆಯನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ, ಎರಡು ರೀತಿಯಲ್ಲಿ. ಒಂದರಲ್ಲಿ, ಹದಿನೇಳನೇ ವಯಸ್ಸಿಗೆ ಅವರ ಬಾಪ, ಅಂದರೆ ಅಪ್ಪ, ಅವರನ್ನು ಬಂದರಿನಿಂದ ಮಂಜಿ ಹತ್ತಿಸಿದರು. ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಒಯ್ಯುವ ದೊಡ್ಡ ಮರದ ಹಡಗು ಅದು. ಹೋಗುವಾಗ ದಾರಿಯುದ್ದಕ್ಕೂ ಕಾರಿ, ದ್ವೀಪ ಮುಟ್ಟಿದ ಮೇಲೆ ವಾಪಸು ಹತ್ತುವುದಿಲ್ಲ ಎಂದು ಮರಳಲ್ಲಿ ಕೂತರಂತೆ. ಇನ್ನೊಂದರಲ್ಲಿ ಬಾಪ ಬೇಡವೆಂದಿದ್ದರು. ಇವರೇ ಅಣ್ಣಂದಿರ ಮೇಲೆ ಹಟಕ್ಕೆ ಬಿದ್ದು ಗೋಣಿಗಳ ಮಧ್ಯೆ ಅಡಗಿ ಹೋದದ್ದು. ಯಾವುದು ನಿಜವೆಂದು ನಾನು ಕೇಳಲಿಲ್ಲ. ಎರಡೂ ಕತೆ ಮುಗಿಯುವುದು ಒಂದೇ ಕಡೆ. ಅಣ್ಣಂದಿರು ಮಂಜಿ ವ್ಯಾಪಾರ ಹಿಡಿದರು, ಇವರನ್ನು ಹಂಪನಕಟ್ಟೆಯ ರೇಡಿಯೋ ರಿಪೇರಿ ಅಂಗಡಿಗೆ ಕಳಿಸಿದರು. "ಮನೆಯಲ್ಲಿ ಎಲ್ರೂ ಉಪ್ಪುನೀರು ಕುಡಿದವರು, ನಾನೊಬ್ಬ ಸೋಲ್ಡರ್ ಹೊಗೆ ಕುಡಿದವ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆದರೂ ಬಂದರಿನ ಕಡೆ ಹೋಗಬೇಕಾದರೆ ನದಿಯ ಬದಿಯ ರಸ್ತೆ ಬಿಟ್ಟು ಮೀನು ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಸುತ್ತಿ ಹೋಗುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಾರ್ಡಿನ ದಿನಕ್ಕೆ ಬರುತ್ತೇನೆ. ಎರಡು ಕಾರ್ಡುಗಳಿದ್ದವು: ದೊಡ್ಡದು, ಮತ್ತು ಅದರ ಒಂದು ಮೆಟ್ಟಿಲು ಕೆಳಗಿನದು. ಅವರು ಕೆಳಗಿನದನ್ನು ಹಾಕಿ ನಿಂತರು. ನಾವು ತಂದ ಹೆಡ್‌ಸೆಟ್, ಅದೇ ಟೇಬಲ್ ಟೆನ್ನಿಸ್ ಆಟ, ಅದರಲ್ಲಿ ಸುತ್ತ ಪ್ರೇಕ್ಷಕರು ತುಂಬಿದ ದೊಡ್ಡ ಕ್ರೀಡಾಂಗಣ. ನಾನು ಮಾನಿಟರ್ ನೋಡುತ್ತಿದ್ದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅಂಕಿ ಓಡುತ್ತಿತ್ತು. ತೊಂಬತ್ತು ಇದ್ದದ್ದು, ಅವರು ಪ್ರೇಕ್ಷಕರ ಕಡೆ ತಿರುಗಿದಾಗಲೆಲ್ಲ ನಲವತ್ತೈದಕ್ಕೆ ಬೀಳುತ್ತಿತ್ತು.

"ಕಾಕ, ನಂಬರ್ ಅರ್ಧಕ್ಕೆ ಇಳೀತು."

"ನಂಬರ್ ಎಂತ ನೋಡ್ತೀರಿ ಮಾರಾಯ್ರೆ. ಅದು ಕಂಪ್ಯೂಟರ್ ತನ್ನ ಬಗ್ಗೆ ತಾನೇ ಹೇಳುದು. ನನ್ನನ್ನು ನೋಡಿ."

ನೋಡಿದೆ. ಕಣ್ಣು ಮುಚ್ಚಿದ ಆ ಡಬ್ಬಿಯ ಕೆಳಗೆ ಅವರ ಮುಖ ತಣ್ಣಗಿತ್ತು. ಹಣೆ ಒಣಗಿತ್ತು. ಗಾಳಿಯಲ್ಲಿ ಬ್ಯಾಟ್ ಬೀಸುತ್ತಿದ್ದರು, ಎದುರಾಳಿಗೆ ಬ್ಯಾರಿ ಭಾಷೆಯಲ್ಲಿ ಏನೋ ಗೊಣಗುತ್ತಿದ್ದರು. ಇಪ್ಪತ್ತು ನಿಮಿಷ ಕಳೆಯಿತು. ಲಿಂಬೆಹಣ್ಣು ಜೇಬು ಬಿಟ್ಟು ಹೊರಗೆ ಬರಲಿಲ್ಲ.

"ಇದೇ ಸಾಕು. ದೊಡ್ಡದು ತಗೊಂಡು ಸುಮ್ಮನೆ ಯಾಕೆ ಖರ್ಚು ಮಾಡ್ತೀರಿ. ನಾನು ನಿಂತು ನೋಡಿದ್ದೇನೆ."

ಈ ಕೊನೆಯ ಮಾತು ಅವರ ಗ್ಯಾರಂಟಿ ಕಾರ್ಡ್. ಕಂಪನಿಯದ್ದು ಬೇರೆ ಇರುತ್ತಿತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ.

ಮರುದಿನ ಭಾನುವಾರ. ವಿನಯಾ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಳು, ಕೂದಲು ಎತ್ತಿ ಕಟ್ಟಿದಳು. ಮೊದಲ ಕೆಲವು ನಿಮಿಷ ಅವಳ ಬಲಗೈ ನಾಲ್ಕು ವರ್ಷದ ಹಿಂದಿನ ಕೈಯಾಗಿತ್ತು. ಆಮೇಲೆ ಒಂದು ಪಾಯಿಂಟ್ ಗೆದ್ದಿರಬೇಕು, ಪ್ರೇಕ್ಷಕರ ಕಡೆ ತಿರುಗಿದಳು. ಮತ್ತೆ ತಿರುಗಿದಳು. ಮೂರನೇ ಸಲ ಗೋಡೆ ಹುಡುಕುತ್ತಾ ಕೈ ಚಾಚಿದಳು. ನಾನು ಹಿಡಿಯುವ ಮೊದಲೇ ನೆಲದ ಮೇಲೆ ಕೂತಿದ್ದಳು. ಎರಡು ದಿನ ಕಣ್ಣು ತೆರೆಯಲಾಗಲಿಲ್ಲ. ಮೂರನೇ ದಿನ ಎದ್ದು ಹೆಡ್‌ಸೆಟ್ಟನ್ನು ಅದರ ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲೆ, ಹಳೇ ಬ್ಯಾಟಿನ ಪಕ್ಕ ಇಟ್ಟಳು.

"ತಮ್ಮನಿಗೆ ವಾಪಸು ಕೊಡುವ. ನನ್ನಿಂದ ಇನ್ನು ಆಗುದಿಲ್ಲ."

ನಾನು ಕಾಕನಿಗೆ ಫೋನ್ ಮಾಡಿದೆ. ಜಗಳ ಮಾಡಲೆಂದೇ ಮಾಡಿದ್ದು. ಅವರು ಅರ್ಧ ಗಂಟೆಯಲ್ಲಿ ರಿಕ್ಷಾ ಮಾಡಿಕೊಂಡು ಬಂದರು. ಊಟದ ಹೊತ್ತಾಗಿತ್ತು. ಒಳಗೆ ಬಂದು ವಿನಯಾಳ ಮುಖ ನೋಡಿದರು.

"ಎಷ್ಟನೇ ನಿಮಿಷಕ್ಕೆ ಶುರುವಾಯ್ತು ಮೇಡಂ?"

"ಗಡಿಯಾರ ನೋಡ್ಲಿಕ್ಕೆ ಆಗ್ಬೇಕಲ್ಲ ಕಾಕ. ನೀವು ನಿಂತು ನೋಡಿದ್ದು ಯಾರಿಗೆ? ನಿಮಗಾ, ನನಗಾ?"

ಅವರು "ಒಂದು ತಟ್ಟೆ ಊಟ ಹಾಕ್ತೀರಾ?" ಎಂದು ಕೇಳಿದರು. ವಿನಯಾಳಿಗೆ ಸಿಟ್ಟಿನಲ್ಲೂ ನಗು ಬಂತು. ಬಸಳೆ ಪದಾರ್ಥ, ಅನ್ನ, ಮಜ್ಜಿಗೆ. ಅವಸರವಿಲ್ಲದೆ ಉಂಡರು, ಕೈ ತೊಳೆದು ನಮ್ಮ ಹಾಲಿನ ನಡುವೆ ನಿಂತು ಹೆಡ್‌ಸೆಟ್ ಹಾಕಿಕೊಂಡರು. ಈ ಸಲ ನಂಬರ್ ಓದಲು ನನಗೆ ಹೇಳಿದರು. ನಾನು ಓದಿದೆ. ತೊಂಬತ್ತು, ನಲವತ್ತೈದು, ತೊಂಬತ್ತು, ನಲವತ್ತೈದು. ಅವರು ಬೇಕೆಂದೇ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು, ಒಂದು ಸುತ್ತು ಪೂರ್ತಿ ಸುತ್ತಿದರು. ಅರ್ಧ ಗಂಟೆಯಾಗಿರಬಹುದು, ಹೆಚ್ಚೂ ಆಗಿರಬಹುದು. ತೆಗೆದಾಗ ಅವರ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

"ನನಗೆ ಎಂತದೂ ಆಗುದಿಲ್ಲ," ಎಂದರು. ಸೋಫಾದ ಮೇಲೆ ಕೂತರು. "ಯಾವಾಗ ನಿಂತಿತು ಅಂತ ಗೊತ್ತಾಗ್ಲಿಲ್ಲ."

ಐದಾರು ವರ್ಷ ದಿನವೂ ಊಟ ಮಾಡಿ ಚೌಕದಲ್ಲಿ ನಿಂತು ನಿಂತು ಅವರ ಹೊಟ್ಟೆಗೆ ಅಭ್ಯಾಸವಾಗಿಬಿಟ್ಟಿತ್ತು. ಕಾರ್ಡುಗಳು ಒಳ್ಳೆಯವಾಗುತ್ತಿವೆ ಎಂದು ಅವರು ತಿಳಿದುಕೊಂಡಿದ್ದರು.

ಆ ವಾರವೇ ಒಂದು ಬೆಳಿಗ್ಗೆ ನನ್ನನ್ನು ಬಂದರಿಗೆ ಕರೆದರು. ಸಾಕ್ಷಿಗೆ ಒಬ್ಬರು ಬೇಕಾಗಿತ್ತು, ಅದಕ್ಕೇ ಕರೆದರು ಎಂದು ಇಷ್ಟು ದಿನ ನಂಬಿದ್ದೆ. ಒಬ್ಬರೇ ಹೋಗಲು ಧೈರ್ಯ ಬರಲಿಲ್ಲವೋ ಏನೋ. ಅವರ ಸಂಬಂಧಿಯೊಬ್ಬರ ಮೀನಿನ ದೋಣಿ ಅಳಿವೆ ದಾಟಿ ಹೋಗಿ ತಿರುಗಿ ಬರುವುದಿತ್ತು. ನದಿ ಕಡಲು ಸೇರುವ ಆ ಬಾಯಲ್ಲಿ ದೋಣಿ ಎದ್ದು ಬೀಳುತ್ತದೆ. ಡೀಸೆಲ್ ವಾಸನೆ, ಮೀನಿನ ವಾಸನೆ. ಕಾಕ ಹತ್ತುವ ಮೊದಲು ಹೋಟೆಲಿನಲ್ಲಿ ಪರೋಟ ತಿಂದಿದ್ದರು, ನನಗೂ ತಿನ್ನಿಸಿದ್ದರು.

ಅಳಿವೆ ದಾಟುವಾಗ ನನ್ನ ಪರೋಟ ಹೊರಗೆ ಬಂತು. ಅವರು ನನ್ನ ಬೆನ್ನು ನೀವಿದರು, ಲಿಂಬೆಹಣ್ಣು ಕೊಟ್ಟರು.

"ನಿಮ್ಮದು ಒಳ್ಳೆ ಮೀಟರ್ ಮಾಸ್ಟ್ರೆ. ಅಂಗಡಿಗೆ ಬರ್ತೀರಾ, ಸಂಬಳ ಕೊಡ್ತೇನೆ."

ದೋಣಿಯವರು ನಕ್ಕರು. ಅವರಲ್ಲಿ ಹಿರಿಯನೊಬ್ಬ ತುಳುವಿನಲ್ಲಿ, ಇವರ ಬಾಪ ನೋಡಬೇಕಿತ್ತು ಎಂದ. ಕಾಕ ಕೇಳಿಸಿಕೊಂಡರೋ ಇಲ್ಲವೋ. ಅವರು ಕಾಲು ಅಗಲಿಸಿ, ಏನನ್ನೂ ಹಿಡಿಯದೆ, ಕಡಲಿಗೆ ಮುಖ ಮಾಡಿ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತೆಂದು ನಾನು ಒಂದಿಬ್ಬರಿಗೆ ಹೇಳಿದ್ದೇನೆ. ಅದು ನಾನು ಸೇರಿಸಿದ್ದು. ನಾನು ದೋಣಿಯ ಅಂಚಿಗೆ ತಲೆ ಇಟ್ಟುಕೊಂಡಿದ್ದೆ, ನನಗೆ ಕಂಡದ್ದು ಅವರ ಕಾಲು ಮಾತ್ರ.

ದಡಕ್ಕೆ ಬಂದ ಮೇಲೆ ಹೇಳಿದರು, "ಹದಿನೇಳಕ್ಕೆ ಬೇಕಿತ್ತು. ಐವತ್ತೊಂಬತ್ತಕ್ಕೆ ಬಂತು. ಈಗ ಇದನ್ನು ಇಟ್ಕೊಂಡು ಎಂತ ಮಾಡುದು?" ಅಷ್ಟೇ. ಆಮೇಲೆ ನದಿಯ ಬದಿಯ ರಸ್ತೆಯಲ್ಲೇ ನಡೆದು ಹೋದೆವು.

ಮುಂದಿನ ಕೆಲವು ದಿನ ಅವರು ಹಳೇ ಗಿರಾಕಿಗಳಿಗೆ ಫೋನ್ ಮಾಡುತ್ತಿದ್ದರು. ನಾನು ಅಂಗಡಿಗೆ ಹೋದಾಗ ಕೇಳಿಸಿಕೊಂಡಿದ್ದೇನೆ. "ನಾನು ನಿಂತು ನೋಡಿದ್ದು ಲೆಕ್ಕಕ್ಕೆ ಹಿಡೀಬೇಡಿ. ಮನೆಯಲ್ಲಿ ಯಾರಿಗಾದ್ರೂ ತಲೆ ತಿರುಗ್ತದಾ ಕೇಳಿ. ತಿರುಗ್ತದಾದ್ರೆ ಕಾರ್ಡ್ ತನ್ನಿ, ಬದಲಿಸಿ ಕೊಡ್ತೇನೆ." ಹೆಚ್ಚಿನವರು ನಗುತ್ತಿದ್ದರು. ತಮ್ಮದೆಲ್ಲ ಸರಿ ಉಂಟು ಎನ್ನುತ್ತಿದ್ದರು. ಒಬ್ಬ, ಎಂತ ಕಾಕ, ಹೊಸ ಕಾರ್ಡ್ ಮಾರುವ ಉಪಾಯವಾ ಎಂದು ಕೇಳಿದ್ದಕ್ಕೆ ಫೋನ್ ಇಟ್ಟು, ಮುಂದಿನ ನಂಬರ್ ಒತ್ತಿದರು.

ನಮ್ಮ ಮನೆಗೆ ದೊಡ್ಡ ಕಾರ್ಡ್ ತಂದದ್ದು ಅದಾದ ಒಂದು ತಿಂಗಳಿಗೆ. ವಿನಯಾ ಹೇಳುವಂತೆ ಹತ್ತೇ ದಿನಕ್ಕೆ. ಕರೆದಿರಲಿಲ್ಲ, ಅವರೇ ಬಂದರು. ಹೊಸ ಪವರ್ ಸಪ್ಲೈಯನ್ನೂ ತಂದಿದ್ದರು. ಕಾರ್ಡನ್ನು ಎರಡು ಅಂಚಿನಲ್ಲಿ ಹಿಡಿದು ಕೂರಿಸಿ, ತಂತಿಗಳನ್ನು ಸಿಕ್ಕಿಸಿ, ಮುಚ್ಚಳ ಹಾಕಿದರು. ವಿನಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೆಡ್‌ಸೆಟ್ ಕಪಾಟಿನ ಮೇಲೆಯೇ ಇತ್ತು. ಅದನ್ನು ಇಳಿಸುವ ಆಲೋಚನೆ ಅವಳಿಗಿಲ್ಲ ಎಂಬುದು ನನಗೆ ಗೊತ್ತಿತ್ತು.

"ನಾನು ಹಾಕುದಿಲ್ಲ ಕಾಕ. ಸುಮ್ಮನೆ ಯಾಕೆ ಕಷ್ಟ ಪಟ್ರಿ."

"ಸರಿ ಮೇಡಂ."

"ಇದು ಸರಿ ಉಂಟಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನಂಬರ್ ತೊಂಬತ್ತರಿಂದ ಕೆಳಗೆ ಬರುದಿಲ್ಲ. ಮೂರು ದಿನ ಅಂಗಡಿಯಲ್ಲಿ ಕೂತು ಬರ್ದುಕೊಂಡಿದ್ದೇನೆ. ನಿಮಗೆ ಆಗ್ತದಾ ಇಲ್ವಾ ಅಂತ ಹೇಳ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ."

ವಿನಯಾ ಕಪಾಟಿನ ಮೇಲೆ ನೋಡಿದಳು. ಅವಳಿಗೆ ಆಗ ಏನನ್ನಿಸಿತು ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲ ಬೇರೆ ಬೇರೆ ಹೇಳುತ್ತಾಳೆ. ಕೊನೆಗೆ, ಸ್ಟೂಲ್ ತನ್ನಿ ಎಂದು ನನಗೆ ಹೇಳಿದಳು.

"ನಾಲ್ಕು ನಿಮಿಷ," ಎಂದರು ಕಾಕ. "ಚೆನ್ನಾಗಿದ್ರೂ ನಾಲ್ಕೇ. ಪ್ರೇಕ್ಷಕರ ಕಡೆ ನೋಡ್ಬೇಡಿ."

ಹೆಡ್‌ಸೆಟ್ ಹಣೆಯವರೆಗೆ ತಂದ ಅವಳ ಕೈ ಅಲ್ಲೇ ನಿಂತಿತು. ಮನಸ್ಸು ಹೂಂ ಎಂದರೂ ಕೈ ಮುಂದೆ ಹೋಗುವುದಿಲ್ಲ ಎಂದರೆ ಹೇಗಿರುತ್ತದೆಂದು ನಾನು ಆಗ ಕಂಡೆ. ಕಾಕ ಅವಳನ್ನು ನೋಡಲಿಲ್ಲ. ಕುರ್ಚಿಯನ್ನು ಮಾನಿಟರಿನ ಕಡೆ ತಿರುಗಿಸಿಕೊಂಡು, ಕನ್ನಡಕ ಹಾಕಿ, ಮೂಲೆಯ ಆ ಸಣ್ಣ ಅಂಕಿಯನ್ನು ಗಟ್ಟಿಯಾಗಿ ಓದತೊಡಗಿದರು. ಮೀನು ಏಲಂ ಹಾಕುವವರ ಹಾಗೆ ಒಂದೇ ರಾಗ. "ತೊಂಬತ್ತು. ತೊಂಬತ್ತು. ತೊಂಬತ್ತು." ಎಷ್ಟು ಸಲ ಹೇಳಿದ ಮೇಲೆ ಹೆಡ್‌ಸೆಟ್ ಅವಳ ಕಣ್ಣಿಗೆ ಇಳಿಯಿತೋ ನಾನು ಲೆಕ್ಕ ಇಡಲಿಲ್ಲ.

ಅವಳು ಆಡಿದಳು. ನಾನು ಅವಳ ಹಿಂದೆ ಎರಡು ಕೈ ಚಾಚಿ ನಿಂತಿದ್ದೆ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಅವಳ ಬ್ಯಾಕ್‌ಹ್ಯಾಂಡ್ ಎರಡು ಸಲ ತಪ್ಪಿತು, ಆಮೇಲೆ ಕೂತಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ದಾಟಿತು. ನಾನು ಹೇಳಲೋ ಬೇಡವೋ ಎಂದು ಕಾಕನ ಕಡೆ ನೋಡಿದೆ. ಅವರ ದನಿ ಒಣಗಿತ್ತು. ಗಡಿಯಾರ ಅವರಿಗೂ ಕಾಣುತ್ತಿತ್ತು. ಆದರೂ ಓದು ನಿಲ್ಲಿಸಿದರೆ ಏನೋ ಬಿದ್ದುಹೋಗುತ್ತದೆ ಎನ್ನುವವರ ಹಾಗೆ, "ತೊಂಬತ್ತು, ತೊಂಬತ್ತು" ಎಂದು ಓದುತ್ತಲೇ ಇದ್ದರು.

"ಕಾಕ," ಎಂದಳು ವಿನಯಾ, ಗಾಳಿಯಲ್ಲಿ ಚೆಂಡನ್ನು ಎಡಗೈಗೆ ತೆಗೆದುಕೊಳ್ಳುತ್ತಾ. "ಒಂದು ನಿಮಿಷ ಬಾಯಿ ಮುಚ್ತೀರಾ. ಗೇಮ್ ಪಾಯಿಂಟ್ ಉಂಟು."